ಹುಲಿ ಮಲಗಿದೆ, ಕತ್ತರಿ ನನ್ನ ಹತ್ತಿರ

ಅಕ್ಕಾ, ಇದನ್ನ ಓದಿದ ಮೇಲೇ ಬಾಗಿಲು ತೆಗಿ, ಅದೂ ಮೆಲ್ಲಗೆ! ಸೋಫಾ ಮೇಲೆ ಮಲಗಿರೋದು ನಮ್ಮ ಹೊಲಿಗೆ ಅಂಗಡಿ ಯಜಮಾನಿ. ಹೌದು, ಅದೇ ಹುಲಿ!

ಇವತ್ತು ರಜೆ ಯಾಕೆ ಹಾಕಿದೆ ಅಂತ ಮನೆಗೇ ಬಂದು, ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದರು. ನನಗೂ ಪಿತ್ತ ನೆತ್ತಿಗೇರಿತು. ತಿರುಗಿಸಿ ಬೈಯೋಣ ಅಂತ ಬಾಯಿ ತೆಗೆದವಳು, ಅವರ ನಿದ್ದೆಗೆಟ್ಟ ಕೆಂಪು ಕಣ್ಣು ನೋಡಿ, "ಮೇಡಂ, ತಿಂಡಿ ತಿಂದ್ರಾ?" ಅಂದುಬಿಟ್ಟೆ. ಅಷ್ಟೇ ಕಣೇ! ಕೂತರು, ಒರಗಿದರು, ಗೊರಕೆ!

ನಿದ್ದೆಗೆ ಜಾರೋ ಮುಂಚೆ ಏನು ಮಾಡಿದರು ಗೊತ್ತಾ? ಯಾರಿಗೂ ಮುಟ್ಟೋಕೆ ಬಿಡದೆ ಚೀಲದಲ್ಲೇ ಇಟ್ಕೊಂಡು ತಿರುಗೋ ಆ ದೊಡ್ಡ ಕತ್ತರಿ ನನ್ನ ಕೈಗೆ ಕೊಟ್ಟು, "ನಾಟಕದ ರಾಜನ ನಿಲುವಂಗಿ ನೀನೇ ಕತ್ತರಿಸು" ಅಂದರು! ಮಖಮಲ್ಲು! ಸಂಜೆಗೆ ಕೊಡಬೇಕು. ರಜೆ ಹಾಳಾಗಿ ಹೋಗಲಿ, ನಾನು ಹೊರಟೆ.

ಅವರ ಫೋನು ನಿನ್ನ ದಿಂಬಿನ ಕೆಳಗಿದೆ, ಎಷ್ಟು ಬಡ್ಕೊಂಡ್ರೂ ಎತ್ತಬೇಡ. ಕುಕ್ಕರ್ ಇಡಬೇಡ, ಸೀಟಿಗೆ ಎದ್ದುಬಿಡ್ತಾರೆ. ಎದ್ದು ಕೂಗಾಡಿದರೆ ತಟ್ಟೆ ಮುಂದಿಡು, ಸಾಕು.

ಈ ಮದ್ದು ನಿನ್ನ ಮೇಲೆ ಪ್ರಯೋಗ ಮಾಡಿಯೇ ಕಲಿತದ್ದು. ರಾತ್ರಿ ಪಾಳಿ ಮುಗಿಸಿ ಬಂದು ನನ್ನ ಮೇಲೆ ಹರಿಹಾಯೋ ಹೆಡ್ ನರ್ಸ್ ಅಮ್ಮನವರೇ, ನೀವು ತಿಂಡಿ ತಿಂದ್ರಾ? ಎರಡು ತಟ್ಟೆ ಮುಚ್ಚಿಟ್ಟಿದ್ದೀನಿ.