ದೊಡ್ಡಮಲ್ಲಮ್ಮನ ಕಣ್ಣು

ಗುಂಡ್ಲುಪೇಟೆ
18 ಆಗಸ್ಟ್ 2024

ಪ್ರಿಯ ಸಿದ್ದಾರ್ಥ ಅವರಿಗೆ,

ಶಿವರಂಜಿನಿಯ ನಮಸ್ಕಾರ. ನಿಮ್ಮ ಕವಿತೆಗಳ ಕಟ್ಟು ಯುಗಾದಿಯ ಹೊತ್ತಿಗೇ ಕೈಸೇರಿತ್ತು. ‘ಮುಖಪುಟದ ಚಿತ್ರ ನೀವೇ ಬರೆಯಬೇಕು, ಕಾಲೇಜಿನ ಗೋಡೆಪತ್ರಿಕೆಗೆ ಬರೆಯುತ್ತಿದ್ದಿರಲ್ಲ, ಹಾಗೆ’ ಎಂದಿದ್ದಿರಿ. ಇಷ್ಟು ತಡ ಮಾಡಿದ್ದಕ್ಕೆ ಬೇಸರ ಬೇಡ. ನೀವು ಫೋನ್ ಮಾಡಿದಾಗಲೆಲ್ಲ ‘ಆಗ್ತಾ ಇದೆ’ ಅಂದೆ. ಆಗುತ್ತಿರಲಿಲ್ಲ. ಫೋನಿನಲ್ಲಿ ನನಗೆ ನಿಜ ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಫ್ಲೆಕ್ಸ್ ಅಂಗಡಿಗೆ ಸೇರಿದ ಮೇಲೆ ಪೆನ್ಸಿಲ್ ಹಿಡಿದೇ ಇರಲಿಲ್ಲ. ಇಲ್ಲಿ ಬರೆಯುವುದಿಲ್ಲ, ಕತ್ತರಿಸುತ್ತೇವೆ, ಅಂಟಿಸುತ್ತೇವೆ. ನಿಮ್ಮ ಚಿತ್ರಕ್ಕಾಗಿ ಚೆಂಡುಹೂವಿನ ಹೊಲಗಳಿಗೆ ಹೋಗಿ ನಿಂತೆ. ಕೇರಳದ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು, ದಾರಿ ಬಿಟ್ಟು ಬಂದೆ. ಗೋಪಾಲಸ್ವಾಮಿ ಬೆಟ್ಟ ಹತ್ತಿದೆ. ಬರೀ ಮಂಜು. ಅದನ್ನು ಬರೆಯಲು ಖಾಲಿ ಹಾಳೆಯೇ ಸಾಕಾಗಿತ್ತು.

ಕಳೆದ ವಾರ ಭೀಮನಬೀಡಿನ ಸುಂದ್ರಮ್ಮ ಅಂಗಡಿಗೆ ಬಂದರು. ಅವರ ತಾಯಿ ದೊಡ್ಡಮಲ್ಲಮ್ಮ ತೀರಿಕೊಂಡಿದ್ದರು. ಶಿವಗಣಾರಾಧನೆಗೆ ಬ್ಯಾನರ್ ಬೇಕಿತ್ತು. ಆಧಾರ್ ಕಾರ್ಡಿನ ಫೋಟೋ ಬರೀ ಮಸಿ. ಉಳಿದದ್ದು ಒಂದೇ: ಅವರಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಮುಡಿಸುತ್ತಾರಲ್ಲ, ಆಗ ಮೊಬೈಲಿನಲ್ಲಿ ತೆಗೆದದ್ದು. ಕಣ್ಣು ಮುಚ್ಚಿತ್ತು.

ಇಂಥವರಿಗೆ ಕಣ್ಣು ತೆರೆಸುವುದೂ ನಮ್ಮ ಕೆಲಸವೇ. ಯಾವುದೋ ಅಜ್ಜಿಯ ಫೋಟೋದಿಂದ ತೆಗೆದ ಒಂದು ಜೊತೆ ಕಣ್ಣು ಕಂಪ್ಯೂಟರಿನಲ್ಲಿದೆ. ಈ ಸೀಮೆಯ ಎಷ್ಟೋ ಅಜ್ಜಿಯರು ಅದೇ ಕಣ್ಣುಗಳಿಂದ ರಸ್ತೆ ನೋಡುತ್ತಾ ನಿಂತಿದ್ದಾರೆ. ದೊಡ್ಡಮಲ್ಲಮ್ಮನಿಗೂ ಅವನ್ನೇ ಕೂರಿಸಿದೆ.

“ಇದ್ಯಾರ್ ಕಣ್ಣ ತಂದು ಮಡಗಿದ್ದೀಯಮ್ಮಿ?” ಅಂದರು ಸುಂದ್ರಮ್ಮ. “ನಮ್ಮವ್ವನ್ವಲ್ಲ ಇವು.”

ಮಾಲೀಕರಾದ ನೀಲಕಂಠಸ್ವಾಮಿ ಒಳಗಿಂದಲೇ, “ಅಯ್ಯೋ ಬುಡಿ ಅಕ್ಕಾ, ದೊಡ್ಡದಾಗಿ ಪ್ರಿಂಟ್ ಒಡುದ್ರೆ ಯಾರ್ಗೂ ಗೊತ್ತಾಗಲ್ಲ” ಅಂದರು.

“ನಮ್ಮವ್ವಂಗೆ ಗೊತ್ತಾಯ್ತದೆ, ಸುಮ್ನಿರಪ್ಪ.”

ನನಗೆ ಅಳುಕು. ಆದರೂ ಕೇಳಿದೆ, “ಹೆಂಗೆ ನೋಡ್ತಿದ್ರು ಅಮ್ಮಾ?”

“ಹೆಂಗಂದ್ರೆ... ಜಗಲಿ ಮ್ಯಾಲೆ ಕೂತ್ಕಂಡು, ಬಸ್ಸು ನಿಂತ್ರೆ ಸಾಕು, ಯಾರ್ ಇಳುದ್ರು ಅಂತ ಕಣ್ಣ ಕಿರಿದು ಮಾಡೋಳು. ಎಡಗಣ್ಣ ವಸಿ ಜಾಸ್ತಿನೇ. ನಾನು ಹೋದ್ರೆ, ‘ಉಣ್ಣಕ್ ಬಂದ್ಯಾ, ನನ್ ನೋಡಕ್ ಬಂದ್ಯಾ?’ ಅನ್ನೋಳು.”

ಹೇಳುತ್ತಾ ಹೇಳುತ್ತಾ ಅವರ ಕಣ್ಣೂ ಕಿರಿದಾಗಿತ್ತು. ಎಡಗಣ್ಣು ಸ್ವಲ್ಪ ಜಾಸ್ತಿಯೇ. ಹಾಳೆ ಎಳೆದುಕೊಂಡೆ, ಪೆನ್ಸಿಲ್ ಹುಡುಕಿದೆ. ಬರೆಯತೊಡಗಿದೆ. ಅವರು ಭುಜದ ಮೇಲಿಂದ ಬಗ್ಗಿ, “ಇನ್ ವಸಿ ಮುಚ್ಚು... ಆಂ, ಅಲ್ಲೇ ಬುಡು” ಅನ್ನುತ್ತಿದ್ದರು. ಬರೆದ ಕಣ್ಣುಗಳನ್ನು ಸ್ಕ್ಯಾನ್ ಮಾಡಿ ಮುಖಕ್ಕೆ ಕೂರಿಸಿದಾಗ, ಸುಂದ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ಪರದೆಗೆ ಹೇಳಿದರು: “ಉಣ್ಣಕಲ್ಲ ಕಣವ್ವ, ನಿನ್ನ ನೋಡಕೇ ಬಂದಿವ್ನಿ.”

ನೀಲಕಂಠಸ್ವಾಮಿ ಆಚೆ ಹೋಗಿ ನಿಂತರು.

ಮನೆಗೆ ಬಂದವಳೇ ಬರೆಯಲು ಕೂತೆ. ಈ ಲಕೋಟೆಯಲ್ಲಿರುವುದು ಅದೇ: ಜಗಲಿಯ ಮೇಲೆ ಕೂತು ಬಸ್ಸಿನ ಕಡೆ ನೋಡುತ್ತಿರುವ ಹೆಂಗಸು. ಬಸ್ಸು ಬರೆದಿಲ್ಲ. ಪುಸ್ತಕಕ್ಕೆ ಒಗ್ಗದಿದ್ದರೆ ಮುಲಾಜಿಲ್ಲದೆ ಹೇಳಿ.

ಉಮ್ಮತ್ತೂರಿಗೆ ಹೋದಾಗ ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಚಾಮರಾಜನಗರದಲ್ಲಿ ನಿಮ್ಮ ಪಾಠಗಳು ಚೆನ್ನಾಗಿ ನಡೆಯಲಿ, ಪುಸ್ತಕಕ್ಕೆ ಒಳ್ಳೆಯ ಓದುಗರು ಸಿಗಲಿ.

ಇಂತಿ,
ಶಿವರಂಜಿನಿ

ತಾ.ಕ.: ಅವತ್ತು ಮನೆಗೆ ಬಂದು ಮೊದಲು ಬರೆಯಲು ಕೂತದ್ದು ಆ ಹೆಂಗಸನ್ನಲ್ಲ, ನಿಮ್ಮನ್ನು. ನಿಮ್ಮ ಚಪ್ಪಲಿಯ ಹೊಲಿಗೆ ಬಂತು, ಬೆರಳಿನ ಇಂಕಿನ ಕಲೆ ಬಂತು, ಅಂಗಿಯ ಮೂರನೇ ಗುಂಡಿಯವರೆಗೂ ಬಂತು. ಕಣ್ಣು ಬರಲಿಲ್ಲ. ಗೋಡೆಪತ್ರಿಕೆ ಮಾಡುವಾಗ ಎರಡು ವರ್ಷ ನಿಮ್ಮ ಎದುರು ಬೆಂಚಿನಲ್ಲಿ ಕೂತಿದ್ದೆ, ತಲೆ ಎತ್ತಲೇ ಇಲ್ಲ. ವಾಟ್ಸಾಪಿನಲ್ಲಿ ನಿಮ್ಮ ಫೋಟೋ ಇದೆ, ನಿಜ. ಅದರಲ್ಲಿ ನೀವು ಕ್ಯಾಮೆರಾ ನೋಡುತ್ತಿದ್ದೀರಿ. ನನ್ನನ್ನು ನೋಡುವಾಗ ಹೇಗೆ ನೋಡುತ್ತಿದ್ದಿರಿ ಎಂದು ಯಾರನ್ನು ಕೇಳಲಿ?