ಬಾಗಿಲು ತೆರೆದಿಟ್ಟು ಬಾ

ಏಪ್ರಿಲ್ 3, 1994, ಭಾನುವಾರ

ನನ್ನ ತುಯಾರಾ,

ನಿನ್ನ ನೆತ್ತಿ ಮೂಸಿ ಈ ಕಾಗದ ಶುರು ಮಾಡುತ್ತಿದ್ದೇನೆ. ಅಕ್ಷರಗಳು ಕುದುರೆ ಲದ್ದಿಯಷ್ಟು ದಪ್ಪಗಿವೆ ಎಂದು ನಗಬೇಡ. ಎಡಗಣ್ಣು ಪೂರ್ತಿ ಮಬ್ಬು, ಬಲಗಣ್ಣು ಅರ್ಧ. ನಿನ್ನ ಜೊತೆಯ ಚಾಲಕ ತೆರೆಂತಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಇದನ್ನು ಓದಿ ಮುಗಿಸುವ ತನಕ ನಿನ್ನ ಲಾರಿಯ ಮುಂದಿನಿಂದ ಕದಲುವುದಿಲ್ಲ ಎಂದು ಅವನಿಂದ ಆಣೆ ಹಾಕಿಸಿಕೊಂಡಿದ್ದೇನೆ. ಪಾಪ, ಅವನಿಗೊಂದು ಲೋಟ ಚಹಾ ಕೊಡು. ಅಂಚೆ ಕಚೇರಿಯಿಂದ ಫೋನು ಮಾಡಬಹುದಿತ್ತು. ಆದರೆ ಅಲ್ಲಿ ಆಡಿದ ಮಾತು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ, ಇದು ಮೊದಲು ತಿಳಿಯಬೇಕಾದದ್ದು ನಿನಗೆ.

ನಿನ್ನ ಕಾಗದ ಪಕ್ಕದ ಮನೆಯವಳಿಂದ ಎರಡು ಸಲ ಓದಿಸಿಕೊಂಡೆ. ಗುರುವಾರ ಬರುತ್ತೀಯೆ, ಹೆಪ್ಪುಗಟ್ಟಿದ ನದಿ ಕರಗಿ ದಾರಿ ಮುಚ್ಚುವ ಮೊದಲೇ ನನ್ನನ್ನು ಆಚೆ ದಡದ ಕಣ್ಣಿನ ಆಸ್ಪತ್ರೆಗೆ ಸೇರಿಸುತ್ತೀಯೆ. ಸಂತೋಷವಾಯಿತು. ಆಮೇಲೆ ಬರೆದಿದ್ದೀಯಲ್ಲ, "ಅಮ್ಮಾ, ನೀನು ಕೂರೋ ಕಡೆ ಬಾಗಿಲ ಸುತ್ತ ದಪ್ಪ ಉಣ್ಣೆ ಬಡಿದಿದೀನಿ, ಭದ್ರವಾಗಿ ಮುಚ್ಚಿದ್ರೆ ಒಂದೆಳೆ ಗಾಳಿ ಒಳಗೆ ಬರಲ್ಲ" ಎಂದು. ಅದನ್ನು ಕೇಳಿ ಹೆದರಿಯೇ ನಾನು ಎರಡನೇ ಸಲ ಓದಿಸಿದ್ದು. ಪಕ್ಕದ ಮನೆಯವಳು ಮಾತ್ರ ಎಂಥಾ ಮಗಳು ಎಂದು ಕಣ್ಣೊರೆಸಿಕೊಂಡಳು.

ತೆರೆಂತಿ ಹೋದ ವಾರವೇ ಒಂದು ಮಾತು ಹೇಳಿದ್ದ. "ಅಕುಲಿನಕ್ಕಾ, ನಿನ್ನ ಮಗಳಿಗೆ ಸ್ವಲ್ಪ ಬುದ್ಧಿ ಹೇಳು. ನದಿಗಿಳಿದ ಮೇಲೆ ನಾವೆಲ್ಲ ಗಡ್ಡೆ ಒಡೆದ್ರೆ ಹಾರೋಕೆ ಅಂತ ಬಾಗ್ಲು ತೆಕ್ಕೊಂಡು ನಡುಗ್ತಾ ಹೋದ್ರೆ, ಆಯಮ್ಮ ಎರಡೂ ಬಾಗ್ಲು ಜಡ್ಕೊಂಡು ಮಹಾರಾಣಿ ಥರಾ ಹೋಗ್ತಾಳೆ. ಕೇಳಿದ್ರೆ, ಹೌದು, ನಾನು ಗವ್ರೀಲನ ಮಗಳೇ, ಏನೀಗ, ಅಂತಾಳೆ." ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಹದಿನಾರು ವರ್ಷದಿಂದ ಈ ದಾರಿಯ ಚಾಲಕರ ಬಾಯಲ್ಲಿ ನಿನ್ನ ಅಪ್ಪ ಒಂದು ಬೈಗುಳವಾಗಿದ್ದಾನೆ. ಹೊಸಬ ಯಾರಾದರೂ ಮಂಜುಗಡ್ಡೆಯ ಮೇಲೆ ಬಾಗಿಲು ಹಾಕಿಕೊಂಡರೆ ಹಿಂದಿನವನು ಕೂಗುತ್ತಾನೆ, "ಏಯ್, ಗವ್ರೀಲ ಆಗ್ಬೇಡ್ವೋ, ಬಾಗ್ಲು ತೆಗಿ!" ಇದೇ ಮಾತಿಗೆ ನೀನು ಹನ್ನೊಂದನೇ ವಯಸ್ಸಿನಲ್ಲಿ ಶಾಲೆಯಲ್ಲಿ ಒಬ್ಬಳ ಹಲ್ಲು ಮುರಿದು ಬಂದಿದ್ದೆ. ನಿನ್ನ ಊದಿದ ಕೈಗೆ ಕೊಬ್ಬು ಸವರಿ ಬಟ್ಟೆ ಸುತ್ತಿದೆನೇ ಹೊರತು ಒಂದು ಮಾತು ಆಡಲಿಲ್ಲ. ಈಗ ನೀನು ಅವನ ಮಾನ ಉಳಿಸುವುದಕ್ಕೆ ಹಟ ಹಿಡಿದು ಬಾಗಿಲು ಮುಚ್ಚಿಕೊಂಡು ಓಡಾಡುತ್ತಿದ್ದೀಯೆ. ನಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ನಿನ್ನ ಪ್ರಾಣ ದಂಡ ತೆರಬೇಕೆ?

ನಿನಗೆ ಲಾರಿ ಕಲಿಸಿದವಳು ನಾನೇ. ಮುಂದಿನ ಚಕ್ರಕ್ಕೂ ಬಲ ಕೊಟ್ಟುಕೋ, ಬ್ರೇಕಿನ ಮೇಲೆ ಕಾಲಿಡಬೇಡ, ಗೇರಿನಲ್ಲೇ ವೇಗ ತಗ್ಗಿಸು, ಗಡ್ಡೆ ಲಟಲಟ ಅಂದರೆ ಹೆದರಬೇಡ, ಮೌನವಾದರೆ ಹೆದರು. ಹೊರಡುವ ಮುಂಚೆ ಬೆಣ್ಣೆ ಹಚ್ಚಿದ ದೋಸೆ ಮುರಿದು ಅಜ್ಜಿಗೆ ಕೊಡು. ನಮ್ಮ ಹಿರಿಯರು ನದಿಯ ಹೆಸರು ಹಿಡಿದು ಕರೆದವರಲ್ಲ, ಅಜ್ಜಿ ಎಂದೇ ಕರೆದರು. ಇಷ್ಟೆಲ್ಲ ಕಲಿಸಿದೆ. ಬಾಗಿಲಿನ ವಿಷಯ ಬಂದಾಗ ಮಾತ್ರ "ಅದು ಗೊತ್ತಿದ್ದದ್ದೇ" ಎಂದು ಜಾರಿಕೊಂಡೆ. ನೀನು ಅದನ್ನು ಗಮನಿಸಿದ್ದೆ, ನನಗೆ ಗೊತ್ತು.

ಅಪ್ಪ ಹೋದ ಆ ವರ್ಷವೂ ಏಪ್ರಿಲ್ಲೇ. ನಿನ್ನ ಅಪ್ಪನಿಗೆ ಎದೆಜ್ವರ, ನಾಲ್ಕು ದಿನದಿಂದ ಅನ್ನಾಹಾರವಿಲ್ಲ. ನಿನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟು, ಈಗ ನೀನು ಓಡಿಸುವಂಥದ್ದೇ ಶಿಶಿಗಾ ಲಾರಿಯಲ್ಲಿ ಅವನನ್ನು ಕೂರಿಸಿಕೊಂಡು ಮಧ್ಯಾಹ್ನ ನದಿಗಿಳಿದೆ. ಆ ಲಾರಿಯಲ್ಲಿ ಎಂಜಿನು ಇಬ್ಬರ ನಡುವೆ ಪೆಟ್ಟಿಗೆಯ ಹಾಗೆ ಕೂತಿರುತ್ತದೆ. ಈ ಸೀಟಿನವರು ಆ ಬಾಗಿಲಿಗೆ ಕೈ ಹಾಕಬೇಕಾದರೆ ಒಲೆ ಹತ್ತಿ ಇಳಿದ ಹಾಗೆ. ನನ್ನ ಬಾಗಿಲಿಗೂ ಅವನ ಬಾಗಿಲಿಗೂ ಸೌದೆ ತುಂಡು ಸಿಕ್ಕಿಸಿ ತೆರೆದಿಟ್ಟಿದ್ದೆ. ಗಾಳಿ ಅವನ ಕಡೆಯಿಂದಲೇ ಬೀಸುತ್ತಿತ್ತು. ಅವನು ಕೆಮ್ಮಿದ. ಕೆಮ್ಮಿದಾಗ ಕೈಗವಸಿನ ಮೇಲೆ ರಕ್ತ ಬಂತು.

ಊರಿಗೆಲ್ಲ ನಾನು ಹೇಳಿದ್ದು ನಿನಗೆ ಬಾಯಿಪಾಠ. ಬೇಡ ಬೇಡ ಅಂದರೂ ಕೇಳದೆ ಚಳಿ ತಡೆಯಲಾರದೆ ಅವನೇ ಬಾಗಿಲು ಹಾಕಿಕೊಂಡ. ಸುಳ್ಳು, ಮಗಳೇ. ನಿಲ್ಲಬಾರದ ಜಾಗದಲ್ಲಿ ಲಾರಿ ನಿಲ್ಲಿಸಿ, ಸುತ್ತು ಹಾಕಿ ಹೋಗಿ, ಸೌದೆ ತುಂಡು ಕಿತ್ತೆಸೆದು ಅವನ ಬಾಗಿಲು ಹಾಕಿದವಳು ನಾನು. ಅವನು, "ತೆಗೆದಿರ್ಲಿ ಬಿಡೇ, ಅಜ್ಜಿ ನೋಡ್ತಿದಾಳೆ" ಅಂದ. ನಾನು, "ಅಜ್ಜಿಗೇನು ಕೆಮ್ಮು ಬಂದಿದ್ಯಾ? ಸುಮ್ನೆ ಕೂತ್ಕೋ, ಲಾರಿ ಓಡಿಸ್ತಿರೋಳು ನಾನು" ಅಂದೆ. ಆ ಕಾಯಿಲೆಯಲ್ಲೂ ನಕ್ಕ. ನಿನ್ನ ಅಪ್ಪನಿಗೆ ನಾನು ಗದರಿದರೆ ನಗು ಬರುತ್ತಿತ್ತು.

ಎರಡನೇ ತಪ್ಪನ್ನೂ ಹೇಳಿಬಿಡುತ್ತೇನೆ. ದಡ ಕಾಣುತ್ತಿದ್ದ ಹಾಗೆ ವೇಗ ಹೆಚ್ಚಿಸಿದೆ. ಭಾರದ ಗಾಡಿ ಓಡಿದರೆ ಗಡ್ಡೆಯ ಕೆಳಗೆ ನೀರು ಅಲೆಯಾಗಿ ಮುಂದೋಡುತ್ತದೆ, ದಡಕ್ಕೆ ಬಡಿದು ತಿರುಗುತ್ತದೆ, ಅಲ್ಲಿಯೇ ಗಡ್ಡೆ ಬಿರಿಯುತ್ತದೆ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ನನಗೆ ಆಸ್ಪತ್ರೆಯ ಹೊಗೆಕೊಳವೆ ಮಾತ್ರ ಕಾಣುತ್ತಿತ್ತು. ದಡಕ್ಕೆ ಮೂವತ್ತು ಹೆಜ್ಜೆ ಇದ್ದಾಗ ಮುಂದಿನ ಚಕ್ರ ಕುಸಿಯಿತು. ನಾನು ಯಾವಾಗ ಹಾರಿದೆನೋ ತಿಳಿಯದು. ತೆರೆದ ಬಾಗಿಲು ನನ್ನನ್ನು ತಾನೇ ಹೊರಗೆ ಎಸೆಯಿತು. ಹೊರಳಿ ನೋಡಿದರೆ ಲಾರಿಯ ನೆತ್ತಿ ಮಾತ್ರ ನೀರಿನ ಮೇಲಿತ್ತು. ಅವನಿಗೆ ಜ್ವರದ ಮಂಪರು, ಹಿಡಿ ತಿರುಗಿಸುವ ತ್ರಾಣ ಇರಲಿಲ್ಲವೇನೋ. ನಾನು ಹೊಟ್ಟೆಯ ಮೇಲೆ ತೆವಳಿ ಅಂಚಿನ ತನಕ ಹೋದೆ. ದಡದವರು ಕಾಲು ಹಿಡಿದು ಹಿಂದಕ್ಕೆಳೆದರು.

ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತೀಯೆ. ಮೊದಲ ದಿನ ಬಾಯಿಂದ ಹಾಗೆ ಬಂತು. ಸತ್ತವನಿಗೆ ಮಾನ ಹೋದರೇನು, ಬದುಕಿರುವವಳ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡರೆ ಹನ್ನೊಂದು ವರ್ಷದ ಮಗಳಿಗೆ ಏನು ಹಾಕಲಿ ಎಂದು ಎರಡನೇ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲಾಮೇಲೆ ಆ ಸುಳ್ಳೇ ನಮ್ಮ ಮನೆಯ ಒಂದು ಸಾಮಾನಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನಗೆ ಇನ್ನು ನನ್ನ ಮುಖ ನೋಡುವುದು ಬೇಡ ಅನ್ನಿಸಬಹುದು. ಅನ್ನಿಸಿದರೆ ತೆರೆಂತಿಯ ಹತ್ತಿರ ಒಂದು ಮಾತು ಹೇಳಿ ಕಳಿಸು, ಸಾಕು. ಕಣ್ಣು ಹೋದರೆ ಹೋಗಲಿ. ಈ ಊರಿನ ಒಲೆ, ಬಾವಿ, ಕೊಟ್ಟಿಗೆ ಎಲ್ಲ ಕೈಗೆ ಪರಿಚಯವಿದೆ. ಆದರೆ ನೀನು ಬರುವುದಾದರೂ ಬರದಿರುವುದಾದರೂ, ಯಾವತ್ತೇ ನದಿಗಿಳಿದರೂ ಬಾಗಿಲು ತೆರೆದಿಡು. ಯಾರಾದರೂ ಗವ್ರೀಲ ಎಂದು ಕೂಗಿದರೆ, ಅದು ನಮ್ಮಮ್ಮ ಅಕುಲಿನಾ ಮಾಡಿದ ಕೆಲಸ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳು. ತೆರೆಂತಿಗೂ ಇದನ್ನು ಓದಿ ಹೇಳು. ಇನ್ನು ಮೇಲೆ ಆ ಬೈಗುಳಕ್ಕೆ ನನ್ನ ಹೆಸರು ಇರಲಿ.

ಬಾಗಿಲಿಗೆ ಬಡಿದ ಉಣ್ಣೆಯನ್ನು ಕಿತ್ತುಹಾಕು. ನನಗೆ ಚಳಿಯಾದರೆ ಆಗಲಿ, ತುಪ್ಪಳದ ಕೋಟು ಎರಡಿವೆ, ಎರಡನ್ನೂ ಹಾಕಿಕೊಳ್ಳುತ್ತೇನೆ. ನಿನ್ನ ಪಕ್ಕದಲ್ಲಿ ನಡುಗುತ್ತಾ ಕೂತು, ಗೇರು ಸರಿಯಾಗಿ ಹಾಕು ಎಂದು ಬೈಯುತ್ತಾ ಆಚೆ ದಡ ಸೇರಬೇಕೆಂದು ನನಗೆ ಬಹಳ ಆಸೆಯಿದೆ. ನಿನ್ನ ಮುಖವನ್ನು ಇನ್ನೊಂದು ಸಲ ಸರಿಯಾಗಿ ನೋಡಬೇಕು.

ಅಪ್ಪನನ್ನೂ ನಿನ್ನನ್ನೂ ಒಂದೇ ತಪ್ಪಿನಿಂದ ಕಳೆದುಕೊಳ್ಳಲಾರದ,
ನಿನ್ನ ಅಮ್ಮ
ಅಕುಲಿನಾ

ತಾ.ಕ.: ಅವನಿಗೆ ತ್ರಾಣ ಇರಲಿಲ್ಲವೇನೋ ಎಂದು ಮೇಲೆ ಬರೆದಿದ್ದೇನೆ. ನೋಡು, ಹದಿನಾರು ವರ್ಷದ ಚಾಳಿ ನಾಲ್ಕು ಹಾಳೆಯಲ್ಲಿ ಬಿಡುವುದಿಲ್ಲ. ಅವನಿಗೆ ತ್ರಾಣ ಇತ್ತು. ಆ ಬಾಗಿಲಿನ ಚಿಲಕ ಸಡಿಲ, ಕುಲುಕಿದರೆ ತಾನೇ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಅವನ ಕೊರಳಿನ ಉಣ್ಣೆಯ ಪಟ್ಟಿಯನ್ನೇ ಬಿಚ್ಚಿ ಬಾಗಿಲಿನ ಹಿಡಿಯನ್ನು ಸೀಟಿನ ಕಂಬಿಗೆ ಬಿಗಿದಿದ್ದೆ. ಮೂರನೇ ದಿನ ಟ್ರ್ಯಾಕ್ಟರಿನಿಂದ ಲಾರಿಯನ್ನು ಮೇಲಕ್ಕೆಳೆದಾಗ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದವಳು ನಾನು. ಗಂಡನ ಮುಖ ನೋಡಲು ಓಡಿದಳು ಎಂದು ಜನ ಅತ್ತರು. ನಾನು ಓಡಿದ್ದು ಆ ಪಟ್ಟಿಗಾಗಿ. ಅವನ ಕೈಗವಸು ಕಳಚಿತ್ತು, ಗಂಟು ಅರ್ಧ ಸಡಿಲವಾಗಿತ್ತು. ಒಂದು ತುದಿ ಕುಯ್ದು ಪಟ್ಟಿಯನ್ನು ಎದೆಯೊಳಗೆ ತುರುಕಿಕೊಂಡೆ. ತೆರೆಂತಿಯ ಕೈಯಲ್ಲಿ ಕಳಿಸಿದ ಪೊಟ್ಟಣದಲ್ಲಿ ಆ ಪಟ್ಟಿಯಿದೆ. ಇನ್ನೂ ಗಟ್ಟಿಯಾಗಿದೆ, ಉದ್ದವೂ ಸಾಕಾಗುತ್ತದೆ. ಗುರುವಾರ ನೀನು ಬರುವುದಾದರೆ, ಅದರಿಂದ ನನ್ನ ಕಡೆಯ ಬಾಗಿಲನ್ನು ಹೊರಗಿನ ಕನ್ನಡಿಯ ಕಂಬಿಗೆ ಬಿಗಿದು, ಮುಚ್ಚದ ಹಾಗೆ ಕಟ್ಟಿಕೊಂಡು ಬಾ.