ಎಂಟು ಮಕ್ಕಳಿಗೆ ಅನುಮತಿ

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಕಾಗದಗಳೂ ತಲುಪಿವೆ. ಒಂದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಎದುರಿಗಿದ್ದಿದ್ದರೆ ನೀನು ಕಿವಿ ಹಿಂಡುತ್ತಿದ್ದೆ, ಗೊತ್ತು. ಕೆಲಸ ಜಾಸ್ತಿ ಅಂತ ಸುಳ್ಳು ಹೇಳುವುದಿಲ್ಲ, ಎರಡು ಸಾಲು ಬರೆದು ಹರಿದುಹಾಕುತ್ತಿದ್ದೆ. ಭಾವನ ಸೊಂಟನೋವು ಹೇಗಿದೆ? ಸುಂಡಿಲಿ ಊಟ ಮಾಡುತ್ತಿದ್ದಾಳಾ? ನೀನು ಹೆಣೆದುಕೊಟ್ಟ ಟೋಪಿಯನ್ನು ಗೊಂಬೆಗೆ ಹಾಕಿ, ತಾನು ಕೂದಲಿಲ್ಲದ ತಲೆಯಲ್ಲೇ ಬೀದಿಗೆಲ್ಲ ಮೆರವಣಿಗೆ ಹೋಗುತ್ತಾಳೆ ಅಂತ ಓದಿ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಏಳು ವರ್ಷದ ನಿನ್ನ ಮಗಳಿಗೆ ಇರುವ ಧೈರ್ಯ ಅವಳ ಚಿಕ್ಕಮ್ಮನಿಗಿಲ್ಲ.

ಮೂರೂ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಮಾತು: "ಆ ಔಷಧ ಇವಳಿಗೆ ಯಾವಾಗ ಕೊಡ್ತಾರೆ?" ಹೇಳುತ್ತೇನೆ. ಮೊದಲು ಮಂಗಳವಾರ ನಡೆದದ್ದನ್ನು ಕೇಳು.

ನಮ್ಮ ಲ್ಯಾಬಿನಲ್ಲಿ ನಾಲ್ಕು ವರ್ಷ ಒದ್ದಾಡಿ ತಯಾರಿಸಿದ ಮೂಳೆ ಕ್ಯಾನ್ಸರಿನ ಔಷಧವನ್ನು ಇಷ್ಟು ದಿನ ದೊಡ್ಡವರಿಗೆ ಮಾತ್ರ ಕೊಟ್ಟು ಪರೀಕ್ಷಿಸುತ್ತಿದ್ದರು. ಹದಿನೆಂಟು ತುಂಬದವರ ಹೆಸರನ್ನು ಪಟ್ಟಿಗೆ ಸೇರಿಸುವ ಹಾಗೇ ಇರಲಿಲ್ಲ. ಮಕ್ಕಳನ್ನೂ ಸೇರಿಸಿ ಎಂದು ವರ್ಷವಿಡೀ ಅರ್ಜಿ ಬರೆದೆ, ಸಿಕ್ಕಸಿಕ್ಕವರ ಬಾಗಿಲು ತಟ್ಟಿದೆ. ಲ್ಯಾಬಿನ ಮುಖ್ಯಸ್ಥರು, ನಮ್ಮ ಮೇಷ್ಟ್ರಂತೂ ದೂರದಿಂದ ನನ್ನನ್ನು ಕಂಡರೆ ಸಾಕು, ಬೇರೆ ಮೆಟ್ಟಿಲು ಹಿಡಿಯುತ್ತಿದ್ದರು. ಅಂತೂ ಇಂತೂ ಔಷಧ ಪರೀಕ್ಷೆಗೆ ಅನುಮತಿ ಕೊಡುವ ಸಮಿತಿಯವರು ಕರೆದರು.

ಕಿಟಕಿ ಮುಚ್ಚಿದ ಕೋಣೆ, ಉದ್ದದ ಮೇಜು, ಏಳು ಜನ. ಅಧ್ಯಕ್ಷೆ ಮಕ್ಕಳ ಡಾಕ್ಟರಾಗಿ ತಲೆ ನೆರೆದವರು. ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ, ನಾಳೆ ಒಂದು ಮಗುವಿಗೆ ಹೆಚ್ಚುಕಮ್ಮಿ ಆದ್ರೆ ಅದರ ತಾಯಿ ಮುಖ ಯಾರು ನೋಡೋದು, ನೀನಾ ನಾನಾ?" ಅಂದರು. ಅದು ನನ್ನದೇ ಭಯ ಅಕ್ಕ. ಲ್ಯಾಬಿನಲ್ಲಿ ಔಷಧ ಜಾಸ್ತಿಯಾಗಿ ಒಳ್ಳೆಯ ಜೀವಕೋಶಗಳು ಸತ್ತರೆ ಆ ಗಾಜಿನ ತಟ್ಟೆ ಬಿಸಾಕಿ ಇನ್ನೊಂದು ತೆಗೆಯುತ್ತೇನೆ. ಮಗುವಿನ ವಿಷಯದಲ್ಲಿ ಹಾಗೆ ಮಾಡಲಾಗುತ್ತದಾ?

ಹೇಗೋ ಬಾಯಿಬಿಟ್ಟೆ. "ಮಕ್ಕಳ ವಾರ್ಡಿನ ನರ್ಸಮ್ಮ ಈಗಿರೋ ಔಷಧಗಳಲ್ಲಿ ದೊಡ್ಡವರ ಮಾತ್ರೇನೇ ಕುಟ್ಟಿ ಪುಡಿ ಮಾಡಿ, ಕಾಗದದ ಮೇಲೆ ಹರಡಿ, ಬ್ಲೇಡಲ್ಲಿ ನಾಲ್ಕು ಪಾಲು ಮಾಡೋದನ್ನ ಕಣ್ಣಾರೆ ನೋಡಿದೀನಿ ಮೇಡಂ. ಯಾವ ಪಾಲಲ್ಲಿ ಎಷ್ಟಿದೆ ಅಂತ ಅವರಿಗೂ ಗೊತ್ತಿಲ್ಲ. ದೇವರೇ ನೋಡ್ಕೊಳ್ಲಿ ಅಂತ ಕೊಡ್ತಾರೆ. ಮಕ್ಕಳ ಮೇಲೆ ಪ್ರಯೋಗ ಈಗ್ಲೂ ನಡೀತಾನೇ ಇದೆ. ಬರೆದಿಡೋರಿಲ್ಲ, ಅಷ್ಟೆ."

ನನ್ನನ್ನು ಹೊರಗೆ ಕೂರಿಸಿ ಒಂದೂವರೆ ಗಂಟೆ ಮಾತಾಡಿಕೊಂಡರು. ಕೊನೆಗೆ ಕರೆದು, ಮೊದಲ ಹಂತದಲ್ಲಿ ಎಂಟು ಮಕ್ಕಳಿಗೆ ಅನುಮತಿ ಎಂದರು. ಜೊತೆಗೆ ಬಂದಿದ್ದ ಮೇಷ್ಟ್ರು, "ಇನ್ನಾದ್ರೂ ನನ್ನ ತಲೆ ತಿನ್ನೋದು ಬಿಡ್ತೀಯಾ ತಾಯಿ?" ಅಂದಾಗ ಎಲ್ಲರೂ ನಕ್ಕರು.

ಗೆದ್ದ ಮೇಲೆ ಹೆದರಿಕೆ ಹೋಗುತ್ತದೆ ಅಂದುಕೊಂಡಿದ್ದೆ. ಇಮ್ಮಡಿಯಾಗಿದೆ. ನಿನ್ನೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಲ್ಯಾಬಿನ ಬಾಗಿಲಿಗೇ ಬಂದಳು. ಅವಳ ಒಂಬತ್ತು ವರ್ಷದ ಮಗನ ಹೆಸರು ಪಟ್ಟಿಯಲ್ಲಿದೆ. "ನಮ್ಮ ಪರವಾಗಿ ಮಾತಾಡಿದ್ದು ನೀವೇನಾ? ಇಷ್ಟು ಸಣ್ಣೋರಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. "ಬದುಕ್ತಾನೆ ಅಲ್ವಾ?" ಅಂದಳು. "ಔಷಧ ಒಗ್ಗುತ್ತಾ ನೋಡೋಣಮ್ಮ" ಅಂದೆ. ಅವಳ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ. ಆಗಿನಿಂದ ಫೋನ್ ಬಡಿದುಕೊಂಡರೆ ಎತ್ತಲು ಹಿಂಜರಿಯುತ್ತೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗುವಿನ ಎದುರಿಗೆ ಅಳಬೇಡ. ಭಾವನಿಗೆ ನಮಸ್ಕಾರ. ಸುಂಡಿಲಿಗೆ ಕೆನ್ನೆ ತುಂಬ ಮುತ್ತು. ನನ್ನ ಆಯಸ್ಸನ್ನೂ ಸೇರಿಸಿಕೊಂಡು ಬಾಳಲಿ.

ಇಂತಿ ನಿನ್ನ
ತಂಗಿ

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚುವಷ್ಟರಲ್ಲಿ ಮತ್ತೆ ಬಿಚ್ಚಿದ್ದೇನೆ. ಹೇಳದೆ ಕಳಿಸಿದರೆ ನಾನು ಮನುಷ್ಯಳೇ ಅಲ್ಲ. ಸಮಿತಿಯ ಮುಂದೆ ಹೋಗುವ ಮೊದಲು ಒಂದು ಫಾರ್ಮ್ ತುಂಬಿಸಿಕೊಂಡರು. "ಈ ಕಾಯಿಲೆಯ ಮಕ್ಕಳಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?" ಇದ್ದಾರೆ ಅಂದವರಿಗೆ ಒಳಗೆ ಮಾತಾಡುವ ಹಕ್ಕಿಲ್ಲ. ನನ್ನನ್ನು ಬಿಟ್ಟರೆ ಆ ಮಕ್ಕಳಿಗಾಗಿ ಮಾತಾಡುವವರೂ ಇರಲಿಲ್ಲ. "ಯಾರೂ ಇಲ್ಲ" ಎಂದು ಬರೆದು ಸಹಿ ಹಾಕಿದೆ.

ನೀನು ಕಳಿಸಿದ ಸುಂಡಿಲಿಯ ಫೈಲಿನಲ್ಲಿ, ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬಲ್ಲಿ ನನ್ನ ಹೆಸರಿದೆ, ಪಕ್ಕದಲ್ಲಿ "ಚಿಕ್ಕಮ್ಮ" ಅಂತ ಬರೆದಿದ್ದೀಯ. ನಿಮ್ಮ ಡಾಕ್ಟರೂ ಪುಟಪುಟದಲ್ಲಿ ಇವಳ ಚಿಕ್ಕಮ್ಮ ಆ ಔಷಧದ ಲ್ಯಾಬಿನವಳೇ ಎಂದು ಹೆಮ್ಮೆಯಿಂದ ಬರೆದಿದ್ದಾರೆ. ಅದು ಸಮಿತಿಯ ಕಣ್ಣಿಗೆ ಬಿದ್ದರೆ ನನ್ನ ಸುಳ್ಳು ಬಯಲಾಗಿ ಅಷ್ಟೂ ಮಕ್ಕಳ ಅನುಮತಿ ರದ್ದಾಗುತ್ತದೆ. ಇವತ್ತು ಬೆಳಿಗ್ಗೆ ಎಂಟು ಫೈಲು ಕೊಟ್ಟುಬಂದೆ. ಅವಳದು ನನ್ನ ಡ್ರಾಯರಿನಲ್ಲಿದೆ. ಅವಳಿಗೆ ಆ ಔಷಧ ಸಿಗುವುದಿಲ್ಲ ಅಕ್ಕ, ತೆಗೆದಿಟ್ಟವಳು ನಾನೇ. ತುರ್ತಿದ್ದರೆ ಕರೆಯಿರಿ ಎನ್ನುವಲ್ಲಿ ಇನ್ನು ಬೇರೆ ಯಾರದಾದರೂ ಹೆಸರು ಬರೆ.